ಐಡಲ್ ಗಾಳಿ ನಿಯಂತ್ರಣ ಕವಾಟದ ಹೌಸಿಂಗ್

ಐಡಲ್ ಗಾಳಿ ನಿಯಂತ್ರಣ ಕವಾಟದ ಹೌಸಿಂಗ್ ಎಂಬುದು ಪೆಟ್ರೋಲ್ ಎಂಜಿನ್ನಿನ ಐಡ್ಲಿಂಗ್ ವೇಗವನ್ನು ನಿಯಂತ್ರಿಸುವ ಕವಾಟವನ್ನು ಹಿಡಿದಿಡುವ ಲೋಹದ ಗೂಡು. ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ಫಲಕವು ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ನು ನಿಂತುಹೋಗದೆ ನಿಧಾನವಾಗಿ ತಿರುಗುತ್ತಿರಲು ಅಗತ್ಯವಾದ ಅಲ್ಪ ಪ್ರಮಾಣದ ಗಾಳಿಯು ಈ ಗೂಡಿನೊಳಗಿನ ಪಕ್ಕದ ದಾರಿಯಿಂದ ಎಂಜಿನ್ನಿಗೆ ಸೇರುತ್ತದೆ. ಆ ದಾರಿಯನ್ನು ಎಷ್ಟು ತೆರೆಯಬೇಕು ಎಂಬುದನ್ನು ಇಸಿಯು ಎಂದು ಕರೆಯಲಾಗುವ ಎಂಜಿನ್ ನಿಯಂತ್ರಣ ಘಟಕವು ಕವಾಟದ ಮೂಲಕ ನಿರ್ಧರಿಸುತ್ತದೆ.

ಕಾರ್ಖಾನೆಯಲ್ಲಿ ತಯಾರಾದ ಅನೇಕ ಕಾರುಗಳಲ್ಲಿ ಈ ಗೂಡು ಥ್ರಾಟಲ್ ಬಾಡಿಯ ಎರಕದ ಭಾಗವಾಗಿಯೇ ಇರುತ್ತದೆ. ಕಾರ್ಬ್ಯುರೇಟರ್ ಇದ್ದ ಹಳೆಯ ಎಂಜಿನ್ನಿಗೆ ಇಂಧನ ಇಂಜೆಕ್ಷನ್ ಅಳವಡಿಸುವಾಗ, ಮೂಲ ಇಸಿಯು ತೆಗೆದು ಹೊರಗಿನ ತಯಾರಕರ ಇಸಿಯು ಜೋಡಿಸುವಾಗ, ಇಲ್ಲವೇ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಥ್ರಾಟಲ್ ಬಾಡಿ ಹಾಕುವಾಗ ಸಿದ್ಧ ಗೂಡು ದೊರೆಯುವುದಿಲ್ಲ. ಅಂತಹ ಸಂದರ್ಭಗಳಲ್ಲಿ ಸುಲಭವಾಗಿ ಸಿಗುವ ಕವಾಟವೊಂದನ್ನು ಆರಿಸಿ, ಅದಕ್ಕೆ ಹೊಂದುವ ಹೌಸಿಂಗನ್ನು ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳಲ್ಲಿ ಪ್ರತ್ಯೇಕವಾಗಿ ತಯಾರಿಸಲಾಗುತ್ತದೆ. ನೋಟಕ್ಕೆ ಇದು ಎರಡು ರಂಧ್ರಗಳಿರುವ ಅಲ್ಯೂಮಿನಿಯಂ ತುಂಡು ಮಾತ್ರ. ಆದರೆ ಐಡ್ಲಿಂಗ್ ಸ್ಥಿತಿಯಲ್ಲಿ ಎಂಜಿನ್ನು ಸೇವಿಸುವ ಗಾಳಿ ಅತ್ಯಲ್ಪವಾದ್ದರಿಂದ ಗೂಡಿನಲ್ಲಿ ಉಳಿದ ಸಣ್ಣ ಸೋರಿಕೆಯೂ ಎಂಜಿನ್ನಿನ ನಡೆಯನ್ನು ಕೆಡಿಸುತ್ತದೆ.

ಹಿನ್ನೆಲೆ

ಕಾರ್ಬ್ಯುರೇಟರ್ ಕಾಲದಲ್ಲಿ ಐಡ್ಲಿಂಗ್ ವೇಗವನ್ನು ಎರಡು ತಿರುಪುಗಳಿಂದ ಹೊಂದಿಸಲಾಗುತ್ತಿತ್ತು. ಒಂದು ಥ್ರಾಟಲ್ ಎಷ್ಟರ ಮಟ್ಟಿಗೆ ಮುಚ್ಚಬೇಕು ಎಂಬುದನ್ನು ತಡೆಹಿಡಿಯುತ್ತಿತ್ತು. ಇನ್ನೊಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸರಿಪಡಿಸುತ್ತಿತ್ತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ಇದೇ ಪದ್ಧತಿಯವು. ಎಂಜಿನ್ನಿನ ಸದ್ದು ಕೇಳುತ್ತ ತಿರುಪುಳಿಯಿಂದ ಈ ತಿರುಪುಗಳನ್ನು ಹದಕ್ಕೆ ತರುವುದು ಮೆಕ್ಯಾನಿಕ್ಕರ ಕೈಗುಣವೆನಿಸಿತ್ತು.

ತಿರುಪು ಒಮ್ಮೆ ನಿಂತ ಜಾಗದಲ್ಲೇ ನಿಲ್ಲುತ್ತದೆ. ಎಂಜಿನ್ನಿನ ಅಗತ್ಯವಾದರೋ ಬದಲಾಗುತ್ತಿರುತ್ತದೆ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಗಾಳಿ ಬೇಕು. ಹವಾನಿಯಂತ್ರಣದ ಕಂಪ್ರೆಸರ್, ಪವರ್ ಸ್ಟೀರಿಂಗ್, ಹೆಡ್‌ಲೈಟ್ ಇವುಗಳ ಹೊರೆ ಬಿದ್ದಾಗಲೂ ಹೆಚ್ಚು ಗಾಳಿ ಬೇಕು. ಇಂಧನ ಇಂಜೆಕ್ಷನ್ ಬಂದ ಆರಂಭದ ವರ್ಷಗಳಲ್ಲಿ ಶಾಖಕ್ಕೆ ಬಾಗುವ ಜೋಡಿಲೋಹದ ಪಟ್ಟಿ ಅಥವಾ ಹಿಗ್ಗುವ ಮೇಣವನ್ನು ಬಳಸಿ ತಣ್ಣಗಿರುವಾಗ ಮಾತ್ರ ತೆರೆಯುವ ಕವಾಟಗಳಿದ್ದವು. ಬಳಿಕ ಇಸಿಯುವಿನ ಆಜ್ಞೆಯಂತೆ ನಡೆಯುವ ವಿದ್ಯುತ್ ಕವಾಟಗಳು ಬಳಕೆಗೆ ಬಂದವು.

ಭಾರತದಲ್ಲಿ ಈ ಬದಲಾವಣೆಗೆ ಮುಖ್ಯ ಕಾರಣ ಹೊಗೆ ಮಾಲಿನ್ಯದ ಕಾನೂನು. 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಮೊದಲಿಗೆ ಕಾರ್ಬ್ಯುರೇಟರ್ ಹೊಂದಿತ್ತು. ಭಾರತ್ ಸ್ಟೇಜ್ ಮಾನದಂಡಗಳು ಬಂದಂತೆ ಅದೂ ಇಂಜೆಕ್ಷನ್ನಿಗೆ ಬದಲಾಯಿತು. 2017ರ ಏಪ್ರಿಲ್ 1ರಿಂದ ಬಿಎಸ್-4 ಹಾಗೂ 2020ರ ಏಪ್ರಿಲ್ 1ರಿಂದ ಬಿಎಸ್-6 ಇಡೀ ದೇಶಕ್ಕೆ ಅನ್ವಯವಾದವು. ಇಂದಿನ ಹೊಸ ಕಾರುಗಳಲ್ಲಿ ಥ್ರಾಟಲ್ ಫಲಕವನ್ನೇ ವಿದ್ಯುತ್ ಮೋಟಾರು ತಿರುಗಿಸುವುದರಿಂದ ಪ್ರತ್ಯೇಕ ಐಡಲ್ ಕವಾಟದ ಅಗತ್ಯವಿಲ್ಲ. ಕೇಬಲ್ ಎಳೆಯುವ ಥ್ರಾಟಲ್ ಇರುವ ಹಳೆಯ ಹಾಗೂ ಮಾರ್ಪಡಿಸಿದ ಎಂಜಿನ್ನುಗಳಲ್ಲಿ ಅದು ಉಳಿದುಕೊಂಡಿದೆ.

ಹೊರಗಿನ ಇಸಿಯುಗಳಲ್ಲಿ 2001ರಲ್ಲಿ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೋ ಆರಂಭಿಸಿದ ಮೆಗಾಸ್ಕ್ವರ್ಟ್ ಪ್ರಸಿದ್ಧವಾದುದು. ಆರ್ಡುವಿನೊ ಫಲಕವನ್ನು ಆಧರಿಸಿದ ಸ್ಪೀಡುವಿನೊ, ಮುಕ್ತ ತಂತ್ರಾಂಶದ ರಸ್‌ಇಎಫ್‌ಐ ಅನಂತರದವು. ಇವುಗಳಿಂದಾಗಿ ಹವ್ಯಾಸಿಗಳೂ ವಿದ್ಯಾರ್ಥಿಗಳೂ ತಮ್ಮ ಎಂಜಿನ್ನನ್ನು ತಾವೇ ಹೊಂದಿಸಿಕೊಳ್ಳುವುದು ಸಾಧ್ಯವಾಯಿತು. ಜೊತೆಗೆ ಯಾವುದೋ ಕಾರಿನ ಕವಾಟವನ್ನು ಇನ್ನಾವುದೋ ಎಂಜಿನ್ನಿಗೆ ಕೂರಿಸುವ ಕೆಲಸವೂ ಹುಟ್ಟಿಕೊಂಡಿತು.

ಕಾರ್ಯತತ್ತ್ವ

ಐಡ್ಲಿಂಗ್ ಸ್ಥಿತಿಯಲ್ಲಿ ಥ್ರಾಟಲಿನ ಹೊರಭಾಗದಲ್ಲಿ ವಾತಾವರಣದ ಒತ್ತಡವಿರುತ್ತದೆ. ಒಳಗಿನ ಮ್ಯಾನಿಫೋಲ್ಡಿನಲ್ಲಿ ಅದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿನ ಒತ್ತಡವಷ್ಟೇ ಉಳಿದಿರುತ್ತದೆ. ಕಿರಿದಾದ ರಂಧ್ರದ ಆಚೆಗಿನ ಒತ್ತಡವು ಈಚೆಗಿನ ಒತ್ತಡದ ಸುಮಾರು ಶೇಕಡ 53ಕ್ಕಿಂತ ಕೆಳಗಿಳಿದಾಗ ರಂಧ್ರದಲ್ಲಿ ಗಾಳಿಯು ಶಬ್ದದ ವೇಗವನ್ನು ಮುಟ್ಟುತ್ತದೆ. ಆಮೇಲೆ ಒಳಗಿನ ನಿರ್ವಾತ ಎಷ್ಟೇ ಹೆಚ್ಚಿದರೂ ಹರಿವು ಹೆಚ್ಚುವುದಿಲ್ಲ. ಆದ್ದರಿಂದ ಐಡ್ಲಿಂಗ್‌ನಲ್ಲಿ ಎಂಜಿನ್ನಿಗೆ ಸೇರುವ ಗಾಳಿಯ ಪ್ರಮಾಣವು ಬಹುಮಟ್ಟಿಗೆ ಎರಡೇ ಸಂಗತಿಗಳನ್ನು ಅವಲಂಬಿಸುತ್ತದೆ: ರಂಧ್ರದ ವಿಸ್ತೀರ್ಣ ಮತ್ತು ಹೊರಗಿನ ಗಾಳಿಯ ಸಾಂದ್ರತೆ. ಕವಾಟದ ಕೆಲಸವೆಂದರೆ ಆ ವಿಸ್ತೀರ್ಣವನ್ನು ಹಿಗ್ಗಿಸುವುದು, ಕುಗ್ಗಿಸುವುದು.

ಹೊರಗಿನ ಗಾಳಿಯ ಸಾಂದ್ರತೆ ಊರಿನ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್ ಇರುವ ವಾಯುಭಾರವು ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ 92ರ ಆಸುಪಾಸಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಹೊಂದಿಸಿದ ಎಂಜಿನ್ನು ಮಡಿಕೇರಿ ಘಟ್ಟ ಹತ್ತಿದರೆ ಅದೇ ರಂಧ್ರದಿಂದ ಅದಕ್ಕೆ ಸುಮಾರು ಎಂಟನೆಯ ಒಂದು ಪಾಲು ಕಡಿಮೆ ಗಾಳಿ ದೊರೆಯುತ್ತದೆ. ಸಿದ್ಧಾರ್ಥನಗರದಿಂದ ಹೊರಟು ಚಾಮುಂಡಿ ಬೆಟ್ಟ ಏರುವಷ್ಟರಲ್ಲೇ ಶೇಕಡ 3ರಷ್ಟು ವ್ಯತ್ಯಾಸ ಕಾಣುತ್ತದೆ. ಹೀಗಾಗಿ ಹೌಸಿಂಗಿನ ದಾರಿಯನ್ನು ಒಂದೇ ಊರಿನ ಅಗತ್ಯಕ್ಕೆ ಬಿಗಿಯಾಗಿ ಅಳೆಯದೆ, ಕವಾಟಕ್ಕೆ ಎರಡೂ ಕಡೆ ಚಲಿಸಲು ಅವಕಾಶ ಉಳಿಯುವಂತೆ ಯೋಜಿಸಬೇಕಾಗುತ್ತದೆ.

ಕವಾಟದ ವಿಧಗಳು

ಹೌಸಿಂಗಿನ ಆಕಾರವು ಅದರೊಳಗೆ ಕೂರುವ ಕವಾಟದಿಂದ ನಿರ್ಧಾರವಾಗುತ್ತದೆ. ಬಳಕೆಯಲ್ಲಿರುವ ಮುಖ್ಯ ವಿಧಗಳು ಮೂರು.

ಸ್ಟೆಪ್ಪರ್ ಮೋಟಾರ್ ಕವಾಟ: ಇದಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳಿರುತ್ತವೆ. ಮೋಟಾರು ಹೆಜ್ಜೆಹೆಜ್ಜೆಯಾಗಿ ತಿರುಗಿ ಶಂಕುವಿನಾಕಾರದ ಸೂಜಿಯೊಂದನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತದೆ. ವಿದ್ಯುತ್ ಕಡಿದರೂ ಸೂಜಿ ಇದ್ದಲ್ಲೇ ನಿಲ್ಲುತ್ತದೆ. ಅದು ಎಲ್ಲಿದೆ ಎಂಬುದು ಇಸಿಯುವಿಗೆ ನೇರವಾಗಿ ತಿಳಿಯುವುದಿಲ್ಲವಾದ್ದರಿಂದ ಸೂಜಿಯನ್ನು ತುದಿಯವರೆಗೆ ಓಡಿಸಿ ಅಲ್ಲಿಂದ ಹೆಜ್ಜೆ ಎಣಿಸಲಾಗುತ್ತದೆ. ಸೂಜಿ ಕೂರುವ ಪೀಠವನ್ನು ಹೌಸಿಂಗಿನಲ್ಲೇ ಕೊರೆಯಬೇಕಾದ್ದರಿಂದ ಮೂರು ವಿಧಗಳಲ್ಲಿ ಇದಕ್ಕೆ ಹೆಚ್ಚಿನ ನಿಖರತೆ ಬೇಕು.

ಸ್ಪ್ರಿಂಗ್ ಇರುವ ಸೊಲೆನಾಯ್ಡ್ ಕವಾಟ: ಎರಡು ತಂತಿಗಳ ಈ ಕವಾಟಕ್ಕೆ ವಿದ್ಯುತ್ತನ್ನು ಸೆಕೆಂಡಿಗೆ ಹಲವು ಬಾರಿ ಕೊಟ್ಟು ಕಡಿಯಲಾಗುತ್ತದೆ. ಕೊಟ್ಟ ಅವಧಿ ಹೆಚ್ಚಿದಷ್ಟೂ ಕವಾಟ ಹೆಚ್ಚು ತೆರೆಯುತ್ತದೆ. ವಿದ್ಯುತ್ ನಿಂತರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಪೀಠವು ಕವಾಟದೊಳಗೇ ಇರುವುದರಿಂದ ಹೌಸಿಂಗಿನಲ್ಲಿ ಒಳದಾರಿ, ಹೊರದಾರಿ ಮತ್ತು ಸಮತಟ್ಟಾದ ಮುಖ ಇದ್ದರೆ ಸಾಕು.

ತಿರುಗುವ ಕವಾಟ: ಇದರಲ್ಲಿ ಒಂದು ಫಲಕವು ಕೋನದಲ್ಲಿ ತಿರುಗಿ ಕಿಂಡಿಯನ್ನು ಮುಚ್ಚುತ್ತದೆ. ಮೂರು ತಂತಿಗಳ ಮಾದರಿಯಲ್ಲಿ ಎರಡು ಸುರುಳಿಗಳು ಎದುರುಬದುರು ದಿಕ್ಕಿಗೆ ಎಳೆಯುತ್ತವೆ. ಇಂತಹ ಅನೇಕ ಕವಾಟಗಳಿಗೆ ಎರಡೂ ಬದಿ ಕೊಳವೆ ಇರುವುದರಿಂದ ರಬ್ಬರ್ ಹೋಸ್ ಜೋಡಿಸಿದರೆ ಹೌಸಿಂಗ್ ಇಲ್ಲದೆಯೂ ನಡೆಯುತ್ತದೆ.

ಆರಿಸುವಾಗ ಕವಾಟದ ಬೆಲೆಗಿಂತಲೂ ಇಸಿಯು ಅದನ್ನು ನಡೆಸಬಲ್ಲದೇ ಎಂಬುದನ್ನು ಮೊದಲು ನೋಡಬೇಕು. ಸ್ಟೆಪ್ಪರ್ ನಡೆಸುವ ಮಂಡಲ ಇಲ್ಲದ ಇಸಿಯುವಿಗೆ ಸ್ಟೆಪ್ಪರ್ ಕವಾಟದ ಗೂಡು ಮಾಡಿದರೆ ಶ್ರಮ ವ್ಯರ್ಥ.

ಗಾಳಿದಾರಿಯ ಅಳತೆ

1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು ಬಿಸಿಯಾದ ಮೇಲೆ ನಿಮಿಷಕ್ಕೆ 850 ಸುತ್ತುಗಳ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಸ್ಥೂಲವಾಗಿ 3 ಗ್ರಾಂ ಗಾಳಿ ಸೇವಿಸುತ್ತದೆ ಎಂದಿಟ್ಟುಕೊಳ್ಳಬಹುದು. ಮೈಸೂರಿನ ವಾಯುಭಾರದಲ್ಲಿ ಇಷ್ಟು ಗಾಳಿ ಹಾಯಲು 17ರಿಂದ 18 ಚದರ ಮಿಲಿಮೀಟರ್ ವಿಸ್ತೀರ್ಣ ಸಾಕು. ಅಂದರೆ ಸುಮಾರು 4.7 ಮಿಲಿಮೀಟರ್ ವ್ಯಾಸದ ಒಂದು ರಂಧ್ರ. ಇದೇ ಎಂಜಿನ್ನು ಪೂರ್ಣ ಥ್ರಾಟಲಿನಲ್ಲಿ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 70 ಗ್ರಾಂ ದಾಟುವಷ್ಟು ಗಾಳಿ ಎಳೆಯುತ್ತದೆ.

ತಣ್ಣಗಿನ ಎಂಜಿನ್ನಿನ ಅಗತ್ಯ ಮತ್ತು ಕಂಪ್ರೆಸರಿನ ಹೊರೆ ಸೇರಿ ಬಿಸಿ ಐಡ್ಲಿಂಗ್‌ನ ಮೂರು ಪಟ್ಟು ಗಾಳಿ ಬೇಕಾದೀತೆಂದು ಎಣಿಸಿದರೆ 8 ಮಿಲಿಮೀಟರಿಗಿಂತ ತುಸು ದೊಡ್ಡ ದಾರಿ ಬೇಕಾಗುತ್ತದೆ. ಗೂಡಿನೊಳಗಿನ ಲಂಬಕೋನದ ತಿರುವುಗಳಲ್ಲಿ ಆಗುವ ನಷ್ಟವನ್ನೂ ಲೆಕ್ಕಕ್ಕೆ ತಂದು 10 ಮಿಲಿಮೀಟರ್ ಕೊರೆಯುವುದು ಈ ಗಾತ್ರದ ಎಂಜಿನ್ನಿಗೆ ಸೂಕ್ತ. ದಾರಿ ತೀರ ಕಿರಿದಾದರೆ ಬೆಳಗಿನ ಚಳಿಯಲ್ಲಿ ಎಂಜಿನ್ನು ನಿಲ್ಲುತ್ತದೆ. ತೀರ ದೊಡ್ಡದಾದರೆ ಕವಾಟದ ಒಂದೊಂದು ಹೆಜ್ಜೆಗೂ ವೇಗ ಬಹಳವಾಗಿ ಏರಿಳಿಯುತ್ತದೆ; ಕವಾಟ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ನು ಅಪಾಯದ ವೇಗಕ್ಕೆ ಏರಲೂಬಹುದು.

ಸೋರಿಕೆಯ ಪರಿಣಾಮವನ್ನೂ ಇದೇ ಲೆಕ್ಕದಿಂದ ತಿಳಿಯಬಹುದು. 1 ಮಿಲಿಮೀಟರ್ ವ್ಯಾಸದ ಸೂಜಿರಂಧ್ರವೊಂದು ಗ್ಯಾಸ್ಕೆಟ್ಟಿನ ಬಳಿ ಉಳಿದರೆ ಅದರಿಂದ ನುಗ್ಗುವ ಗಾಳಿ ಮೇಲಿನ ಐಡ್ಲಿಂಗ್ ಗಾಳಿಯ ಶೇಕಡ 4ರಿಂದ 5ರಷ್ಟಾಗುತ್ತದೆ. ಥ್ರಾಟಲ್ ಪೂರ್ಣ ತೆರೆದಾಗ ಇದೇ ರಂಧ್ರ ಗಮನಕ್ಕೇ ಬಾರದು. ರಸ್ತೆಯಲ್ಲಿ ಚೆನ್ನಾಗಿ ಓಡುವ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ತೊಂದರೆ ಕೊಡುವುದಕ್ಕೆ ಇದು ಒಂದು ಕಾರಣ.

ಹೌಸಿಂಗಿನ ವಿನ್ಯಾಸ

ಗಾಳಿಯನ್ನು ಎಲ್ಲಿಂದ ತೆಗೆದು ಎಲ್ಲಿಗೆ ಸೇರಿಸಬೇಕು ಎಂಬುದು ವಿನ್ಯಾಸದ ಮೊದಲ ಪ್ರಶ್ನೆ. ಒಳದಾರಿಯು ಗಾಳಿ ಶೋಧಕದ ನಂತರ, ಥ್ರಾಟಲ್ ಫಲಕದ ಮುಂಚೆ ಇರಬೇಕು. ಗಾಳಿಯ ಪ್ರಮಾಣ ಅಳೆಯುವ ಸಂವೇದಕವಿದ್ದರೆ ಅದರ ನಂತರವೇ ತೆಗೆಯಬೇಕು. ಇಲ್ಲವಾದರೆ ಅಳತೆಗೆ ಸಿಗದ ಗಾಳಿ ಒಳಸೇರಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಅಳೆದು ಇಂಧನ ನಿರ್ಧರಿಸುವ ಇಸಿಯುಗಳಲ್ಲಿ ಈ ತೊಡಕು ಕಡಿಮೆ. ಅಲ್ಲಿ ಹೆಚ್ಚುವರಿ ಗಾಳಿಗೆ ತಕ್ಕ ಪೆಟ್ರೋಲೂ ಸೇರುವುದರಿಂದ ಮುಖ್ಯವಾಗಿ ಐಡ್ಲಿಂಗ್ ವೇಗ ಏರುತ್ತದೆ.

ಹೊರದಾರಿಯು ಎಲ್ಲ ಸಿಲಿಂಡರುಗಳಿಗೂ ಸಮನಾಗಿ ಹಂಚಿಕೆಯಾಗುವ ಜಾಗಕ್ಕೆ ತೆರೆಯಬೇಕು. ಒಂದೇ ಸಿಲಿಂಡರಿನ ಕೊಳವೆಯ ಬಾಯಿಗೆ ಬಿಟ್ಟರೆ ಆ ಸಿಲಿಂಡರಿನ ಮಿಶ್ರಣ ಬೇರೆಯಾಗಿ ಎಂಜಿನ್ನು ನಡುಗುತ್ತದೆ. ಒತ್ತಡ ಸಂವೇದಕದ ಕಿಂಡಿಯ ಪಕ್ಕದಲ್ಲೂ ಬಿಡಬಾರದು. ಪ್ರತ್ಯೇಕ ಥ್ರಾಟಲ್ ಬಾಡಿಗಳಿರುವ ಎಂಜಿನ್ನಿನಲ್ಲಿ ಹೌಸಿಂಗಿನಿಂದ ಹೊರಟ ಗಾಳಿಯನ್ನು ಸಮಾನ ಉದ್ದ ಮತ್ತು ವ್ಯಾಸದ ಸಣ್ಣ ಕೊಳವೆಗಳಲ್ಲಿ ಒಂದೊಂದು ಸಿಲಿಂಡರಿಗೂ ಕೊಂಡೊಯ್ಯಬೇಕಾಗುತ್ತದೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಒಳದಾರಿಯನ್ನು ಕಂಪ್ರೆಸರಿನ ನಂತರ, ಥ್ರಾಟಲಿನ ಮುಂಚೆ ಇಡಬೇಕು. ಇಲ್ಲದಿದ್ದರೆ ಒತ್ತಿದ ಗಾಳಿ ಕವಾಟದ ಮೂಲಕ ಹಿಂದಕ್ಕೆ ಸೋರುತ್ತದೆ.

ಗೂಡಿನಿಂದ ಮ್ಯಾನಿಫೋಲ್ಡಿನವರೆಗಿನ ಹೋಸ್ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಉದ್ದನೆಯ ಹೋಸಿನಲ್ಲಿ ಕವಾಟದ ಚಲನೆಯ ಪರಿಣಾಮ ತಡವಾಗಿ ತಲಪುತ್ತದೆ. ಅಷ್ಟರಲ್ಲಿ ಇಸಿಯು ಇನ್ನಷ್ಟು ತಿದ್ದುಪಡಿ ಮಾಡಿರುತ್ತದೆ. ವೇಗವು ಏರುತ್ತ ಇಳಿಯುತ್ತ ತೂಗಾಡತೊಡಗುತ್ತದೆ. ಕವಾಟದ ಬಳಿ ಎಣ್ಣೆ ಮತ್ತು ನೀರಿನ ಹನಿ ನಿಲ್ಲದಂತೆ ದಾರಿಯು ಮ್ಯಾನಿಫೋಲ್ಡಿನ ಕಡೆಗೆ ಇಳಿಜಾರಾಗಿರಬೇಕು.

ತಯಾರಿಕೆ

ಗೂಡಿಗೆ ಸಾಮಾನ್ಯವಾಗಿ 6061 ಅಥವಾ 6082 ದರ್ಜೆಯ ಅಲ್ಯೂಮಿನಿಯಂ ಮಿಶ್ರಲೋಹದ ದಿಮ್ಮಿ ಬಳಸುತ್ತಾರೆ. ಇವು ಯಂತ್ರಕ್ಕೆ ಸುಲಭವಾಗಿ ಬಗ್ಗುತ್ತವೆ, ತುಕ್ಕು ಹಿಡಿಯುವುದಿಲ್ಲ. ಮೂರು ಆಯಾಮದ ಮುದ್ರಣದಲ್ಲಿ ಹೆಚ್ಚಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಮೆತ್ತಗಾಗುತ್ತದೆ. ಎಂಜಿನ್ನಿನ ಶೀತಕದ್ರವವೇ 90 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಅಂತಹ ಗೂಡನ್ನು ಅಳತೆ ಹೊಂದುತ್ತದೆಯೇ ಎಂದು ನೋಡುವ ಮಾದರಿಯಾಗಿ ಮಾತ್ರ ಬಳಸಬಹುದು.

ಕೆಲಸವು ಸಾಮಾನ್ಯವಾಗಿ ಈ ಕ್ರಮದಲ್ಲಿ ಸಾಗುತ್ತದೆ:

1. ಕವಾಟದ ಫ್ಲ್ಯಾಂಜ್, ತಿರುಪು ರಂಧ್ರಗಳ ಅಂತರ, ಸೂಜಿಯ ವ್ಯಾಸ ಮತ್ತು ಪೂರ್ಣ ಚಲನೆಯ ಉದ್ದವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯುವುದು.

2. ದಿಮ್ಮಿಯ ಮುಖಗಳನ್ನು ಮಿಲ್ಲಿಂಗ್ ಯಂತ್ರದಲ್ಲಿ ಸಮತಟ್ಟು ಮಾಡುವುದು.

3. ಸೂಜಿಯ ಕುಳಿ ಮತ್ತು ಅದರ ಪೀಠವನ್ನು ಒಂದೇ ಹಿಡಿತದಲ್ಲಿ, ತುಂಡನ್ನು ಬಿಚ್ಚದೆ ಕೊರೆಯುವುದು. ಬಿಚ್ಚಿ ಮತ್ತೆ ಹಿಡಿದರೆ ಎರಡರ ಮಧ್ಯರೇಖೆ ತಪ್ಪಿ ಸೂಜಿ ಒಂದು ಬದಿಗೆ ಉಜ್ಜುತ್ತದೆ.

4. ಅಡ್ಡದಾರಿಯನ್ನು ಕೊರೆದು, ಅನಗತ್ಯವಾದ ಬಾಯಿಯನ್ನು ಮರೆಯಿರುವ ಬಿರಡೆಯಿಂದ ಮುಚ್ಚುವುದು. ಬಡಿದು ಕೂರಿಸಿದ ಬಿರಡೆ ಬಿಸಿಗೆ ಸಡಿಲವಾಗಿ ಎಂಜಿನ್ನಿನೊಳಗೆ ಸೆಳೆಯಲ್ಪಡುವ ಅಪಾಯವಿದೆ.

5. ತಿರುಪು ರಂಧ್ರಗಳಿಗೆ ಟ್ಯಾಪ್ ಹಾಕುವುದು. ಅಲ್ಯೂಮಿನಿಯಂ ಮೆದುವಾದ್ದರಿಂದ ಮರೆಯ ಆಳವು ತಿರುಪಿನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. 6 ಮಿಲಿಮೀಟರ್ ತಿರುಪಿಗೆ 9ರಿಂದ 12 ಮಿಲಿಮೀಟರ್.

6. ಓ-ರಿಂಗಿನ ಕಾಲುವೆ ಕಡೆಯುವುದು. ಪೆಟ್ರೋಲ್ ಆವಿ ಮತ್ತು ಬಿಸಿ ತಾಳುವ ಫ್ಲೋರೊ ರಬ್ಬರಿನ ಓ-ರಿಂಗ್ ಇಲ್ಲಿ ಸೂಕ್ತ.

7. ಅಂಚಿನ ಸಿಬಿರುಗಳನ್ನು ತೆಗೆದು, ಒಳದಾರಿಗಳನ್ನು ತೊಳೆದು, ಗಾಳಿ ಊದಿ ಒಣಗಿಸುವುದು. ಉಳಿದ ಲೋಹದ ಚೂರು ಕವಾಟವನ್ನು ಸಿಕ್ಕಿಸಬಹುದು, ಇಲ್ಲವೇ ಸಿಲಿಂಡರಿನ ಗೋಡೆಯನ್ನು ಗೀರಬಹುದು.

ಸ್ಟೆಪ್ಪರ್ ಕವಾಟವನ್ನು ಕೂರಿಸುವ ಮುನ್ನ ಸೂಜಿ ಎಷ್ಟು ಹೊರಚಾಚಿದೆ ಎಂದು ನೋಡುವುದು ಅವಶ್ಯ. ಜನರಲ್ ಮೋಟಾರ್ಸ್ ಮಾದರಿಯ ಕೆಲವು ಕವಾಟಗಳಿಗೆ ಫ್ಲ್ಯಾಂಜಿನಿಂದ 28 ಮಿಲಿಮೀಟರ್ ಗರಿಷ್ಠ ಮಿತಿ. ಅದಕ್ಕಿಂತ ಹೆಚ್ಚು ಚಾಚಿರುವಾಗ ತಿರುಪು ಬಿಗಿದರೆ ಸೂಜಿ ಪೀಠಕ್ಕೆ ಒತ್ತಿ ಒಳಗಿನ ಹಲ್ಲುಗಳು ಹಾಳಾಗುತ್ತವೆ.

ಪರೀಕ್ಷೆ ಮತ್ತು ಹೊಂದಾಣಿಕೆ

ಸಿದ್ಧವಾದ ಗೂಡಿನ ಬಾಯಿಗಳನ್ನು ಮುಚ್ಚಿ, ಕಡಿಮೆ ಒತ್ತಡದ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿದರೆ ಸೋರಿಕೆಯಿರುವಲ್ಲಿ ಗುಳ್ಳೆ ಏಳುತ್ತದೆ. ಕವಾಟವನ್ನು ಈ ಪರೀಕ್ಷೆ ಮುಗಿದ ಮೇಲೆಯೇ ಕೂರಿಸಬೇಕು. ಓಡುತ್ತಿರುವ ಎಂಜಿನ್ನಿನ ಮೇಲೆ ಉರಿಯುವ ದ್ರವ ಚಿಮುಕಿಸಿ ಸೋರಿಕೆ ಹುಡುಕುವ ರೂಢಿ ಬೆಂಕಿಗೆ ಆಹ್ವಾನ. ಹೊಗೆ ಹಾಯಿಸಿ ನೋಡುವ ಯಂತ್ರ ಅಥವಾ ಸಾಬೂನು ನೀರಿನ ಪರೀಕ್ಷೆಯನ್ನು ಎಂಜಿನ್ನು ನಿಂತಿರುವಾಗಲೇ ಮಾಡಬಹುದು.

ಜೋಡಿಸಿದ ಮೇಲೆ ಮೂರು ಸಂಗತಿಗಳನ್ನು ಪರಿಶೀಲಿಸಬೇಕು. ಮೊದಲನೆಯದಾಗಿ, ಎಂಜಿನ್ನು ಬಿಸಿಯಾಗಿ ಕವಾಟ ಪೂರ್ತಿ ಮುಚ್ಚಿರುವಾಗ ವೇಗವು ಗುರಿಗಿಂತ ತುಸು ಕೆಳಗಿರುವಂತೆ ಥ್ರಾಟಲಿನ ತಡೆತಿರುಪನ್ನು ಹೊಂದಿಸಬೇಕು. ಆಗ ಮಾತ್ರ ಕವಾಟಕ್ಕೆ ಕೆಲಸವಿರುತ್ತದೆ. ಎರಡನೆಯದಾಗಿ, ಕವಾಟವನ್ನು ಬೇಕೆಂದೇ ಕ್ರಮೇಣ ಪೂರ್ತಿ ತೆರೆದು ಎಂಜಿನ್ನು ಎಷ್ಟು ವೇಗಕ್ಕೆ ಏರುತ್ತದೆ ಎಂದು ನೋಡಬೇಕು. ಆ ವೇಗದಲ್ಲಿ ವಾಹನವನ್ನು ಹತೋಟಿಯಲ್ಲಿಡುವುದು ಕಷ್ಟವೆನಿಸಿದರೆ ಹೌಸಿಂಗಿನ ದಾರಿಯಲ್ಲಿ ಕಿರಿದಾದ ರಂಧ್ರದ ಬಿಲ್ಲೆಯನ್ನು ಇಡಬೇಕು. ಮೂರನೆಯದಾಗಿ, ಓಡುತ್ತಿರುವಾಗ ಕವಾಟದ ವಿದ್ಯುತ್ ಜೋಡಣೆಯನ್ನು ಬಿಡಿಸಿ ಏನಾಗುತ್ತದೆ ಎಂದು ತಿಳಿಯಬೇಕು. ಸಂಚಾರದ ನಡುವೆ ಎಂಜಿನ್ನು ನಿಂತರೆ ಬ್ರೇಕಿಗೆ ನೆರವಾಗುವ ನಿರ್ವಾತ ಒಂದೆರಡು ಒತ್ತಿಗೇ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಕವಾಟ ಕೆಟ್ಟಾಗಲೂ ಎಂಜಿನ್ನು ಹೇಗೋ ಓಡುತ್ತಿರುವಂತೆ ಮೂಲ ಹೊಂದಾಣಿಕೆ ಇರಬೇಕೆಂಬುದಕ್ಕೆ ಇದೇ ಕಾರಣ.

ಇಸಿಯುವಿನ ಹೊಂದಾಣಿಕೆಯಲ್ಲಿ ಗಾಳಿಯ ತಿದ್ದುಪಡಿ ನಿಧಾನ, ಕಿಡಿ ಹಾರುವ ಸಮಯದ ತಿದ್ದುಪಡಿ ಕ್ಷಿಪ್ರ. ಆದ್ದರಿಂದ ಸಣ್ಣ ಏರಿಳಿತಗಳನ್ನು ಕಿಡಿಯ ಸಮಯದಿಂದಲೂ ದೊಡ್ಡ ಹೊರೆಯನ್ನು ಕವಾಟದಿಂದಲೂ ಸರಿದೂಗಿಸಲಾಗುತ್ತದೆ. ಸೋರುವ ಅಥವಾ ಉಜ್ಜುವ ಹೌಸಿಂಗನ್ನು ತಂತ್ರಾಂಶದ ಅಂಕಿಗಳಿಂದ ಸರಿಪಡಿಸಲು ಹೊರಟರೆ ಒಂದು ತಾಪಮಾನದಲ್ಲಿ ಹೊಂದಿದ್ದು ಇನ್ನೊಂದರಲ್ಲಿ ತಪ್ಪುತ್ತದೆ.

ವಿದ್ಯಾರ್ಥಿ ಸ್ಪರ್ಧೆಗಳ ವಾಹನಗಳಲ್ಲಿ

ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ನಿರ್ಮಿಸಿ ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಕೂಟಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಅಲ್ಲಿ ಪೆಟ್ರೋಲ್ ಎಂಜಿನ್ನಿಗೆ ಹೋಗುವ ಸಮಸ್ತ ಗಾಳಿಯೂ 20 ಮಿಲಿಮೀಟರ್ ವ್ಯಾಸದ ಒಂದೇ ಕಿರುಗಂಟಲಿನ ಮೂಲಕ ಹಾಯಬೇಕೆಂಬ ನಿಯಮವಿದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಥ್ರಾಟಲ್ ಮೊದಲು, ಕಿರುಗಂಟಲು ಆಮೇಲೆ ಬರುತ್ತದೆ. ಆದ್ದರಿಂದ ಐಡಲ್ ಹೌಸಿಂಗಿನ ಹೊರದಾರಿಯು ಇವೆರಡರ ನಡುವೆ ಸೇರಬೇಕು. ಸಾಮಾನ್ಯ ಕಾರಿನಂತೆ ಮ್ಯಾನಿಫೋಲ್ಡಿಗೆ ನೇರವಾಗಿ ಸೇರಿಸಿದರೆ ಗಾಳಿಯು ಕಿರುಗಂಟಲನ್ನು ತಪ್ಪಿಸಿಕೊಂಡಂತಾಗಿ ವಾಹನವು ತಾಂತ್ರಿಕ ತಪಾಸಣೆಯಲ್ಲಿ ತೇರ್ಗಡೆಯಾಗುವುದಿಲ್ಲ.

ಕರ್ನಾಟಕದಲ್ಲಿ

ಎಂಜಿನ್ನಿಗೆ ಇಂಧನ ಪೂರೈಸುವ ಸಲಕರಣೆಗಳ ತಯಾರಿಕೆಗೆ ಕರ್ನಾಟಕದಲ್ಲಿ ದೀರ್ಘ ಇತಿಹಾಸವಿದೆ. 1951ರಲ್ಲಿ ಸ್ಥಾಪನೆಯಾದ ಮೈಕೊ ಎಂದೇ ಜನಜನಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಜೆಕ್ಷನ್ ಸಲಕರಣೆಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಪವರ್‌ಟ್ರಾನಿಕ್ ಹೆಸರಿನ ಹೊರಗಿನ ಇಸಿಯುಗಳನ್ನು ರೂಪಿಸಿದ ರೇಸ್ ಡೈನಾಮಿಕ್ಸ್ ಕೂಡ ಬೆಂಗಳೂರಿನದು. ಬೆಂಗಳೂರಿನ ಪೀಣ್ಯ, ಮೈಸೂರಿನ ಹೆಬ್ಬಾಳು ಮತ್ತು ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಿರುವ ಈ ನಗರಗಳಲ್ಲಿ ಒಂದೇ ಒಂದು ಬಿಡಿಭಾಗವನ್ನು ನಕ್ಷೆ ನೋಡಿ ಮಾಡಿಕೊಡುವ ಲೇತ್ ವರ್ಕ್‌ಶಾಪುಗಳು ದೊರೆಯುತ್ತವೆ. 1946ರಲ್ಲಿ ಆರಂಭವಾದ ರಾಷ್ಟ್ರೀಯ ಎಂಜಿನಿಯರಿಂಗ್ ಸಂಸ್ಥೆ ಮತ್ತು 1963ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಮೈಸೂರಿನ ಹಿರಿಯ ತಾಂತ್ರಿಕ ವಿದ್ಯಾಸಂಸ್ಥೆಗಳು.

ಕಾನೂನು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 182-ಎ ಪ್ರಕರಣವು ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಹೊಗೆ ತಪಾಸಣೆಯನ್ನು ಪೆಟ್ರೋಲ್ ವಾಹನಗಳಿಗೆ ಐಡ್ಲಿಂಗ್ ಸ್ಥಿತಿಯಲ್ಲಿ ನಡೆಸಲಾಗುತ್ತದೆ. ಬಿಎಸ್-4 ದರ್ಜೆಯ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಆಗ ಕಾರ್ಬನ್ ಮೊನಾಕ್ಸೈಡ್ ಶೇಕಡ 0.3ನ್ನೂ ಹೈಡ್ರೊಕಾರ್ಬನ್ ಹತ್ತು ಲಕ್ಷಕ್ಕೆ 200 ಭಾಗವನ್ನೂ ಮೀರಬಾರದು. ಹೌಸಿಂಗಿನ ಸೋರಿಕೆಯಿಂದ ಮಿಶ್ರಣ ತೆಳುವಾಗಿ ಉರಿಯುವುದು ತಪ್ಪಿದಾಗ ಹೈಡ್ರೊಕಾರ್ಬನ್ ಮಿತಿ ಮೀರುತ್ತದೆ. ಆದ್ದರಿಂದ ಇಂತಹ ತಯಾರಿಕೆಯು ಮುಖ್ಯವಾಗಿ ರೇಸಿಂಗ್ ಅಂಗಳದ ವಾಹನಗಳು, ವಿದ್ಯಾರ್ಥಿ ಯೋಜನೆಗಳು ಮತ್ತು ಪ್ರಯೋಗಾಲಯದ ಎಂಜಿನ್ನುಗಳಿಗೆ ಸಂಬಂಧಿಸಿದ್ದು. ರಸ್ತೆಯ ವಾಹನದಲ್ಲಿ ಮಾರ್ಪಾಡು ಮಾಡುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕಾಗುತ್ತದೆ.